ಅನಿತಾ ಎಸ್. ಅವರನ್ನು ನಾನು ‘ಕಂಡುಹಿಡಿದೆ’

“ಅಮ್ಮಾ, ಶುಕ್ರವಾರ ನಾನು ಆಫ್ರಿಕಾ ಡಿಸ್ಕವರ್ ಮಾಡಬೇಕು. ಹ್ಯಾಟ್ ಬೇಕು.”

ಹತ್ತು ವರ್ಷದ ನನ್ನ ಮಗಳು ಅನ್ವಿ ಇಂಗ್ಲಿಷಿನಲ್ಲಿ ಹೀಗೆ ಘೋಷಿಸಿದ್ದು ಬುಧವಾರ ಸಂಜೆ, ನಾನು ಸಾರಿನ ಒಗ್ಗರಣೆಗೆ ಸಾಸಿವೆ ಹಾಕಿದ ಕ್ಷಣದಲ್ಲಿ.

ಬುಧವಾರ! ಶಾಲೆಯಿಂದ ಚೀಟಿ ಬಂದು ಮೂರು ವಾರವಾಗಿತ್ತು. ಅದು ಅವಳ ಬ್ಯಾಗಿನ ತಳದಲ್ಲಿ, ಅರ್ಧ ತಿಂದ ಗ್ರನೋಲಾ ಬಾರಿಗೆ ಅಂಟಿಕೊಂಡು ಕೂತಿತ್ತು. (ಮಕ್ಕಳ ಬ್ಯಾಗಿನ ತಳ ಚಿಕಾಗೋ ಪಕ್ಕದ ನಮ್ಮ ಶಾಮ್‌ಬರ್ಗ್‌ನಲ್ಲೂ ಒಂದೇ, ಶಿವಮೊಗ್ಗದಲ್ಲೂ ಒಂದೇ.)

ಈ ಅಂಕಣ ಓದಿಕೊಂಡು ಬಂದವರಿಗೆ ಗೊತ್ತು, ಸ್ಕೂಲ್ ಪ್ರಾಜೆಕ್ಟ್ ಎಂದರೆ ನನ್ನ ಬಿ.ಪಿ. ಏರುತ್ತದೆ. ಕೊಡುವುದು ಮಕ್ಕಳಿಗೆ. ಅಂಟು ಮೆತ್ತಿಕೊಳ್ಳುವುದು ಯಾರ ಕೈಗೆ?

ಈ ಸಲದ್ದರ ಹೆಸರು ‘ಲಿವಿಂಗ್ ಮ್ಯೂಸಿಯಂ’. ಪ್ರತಿ ಮಗುವೂ ಒಬ್ಬ ಭೂಶೋಧಕನ ವೇಷ ಹಾಕಿ ಜಿಮ್ಮಿನಲ್ಲಿ ಬೊಂಬೆಯ ಹಾಗೆ ನಿಲ್ಲಬೇಕು. ಮುಂದೆ ನೆಲದ ಮೇಲೆ ಕೆಂಪು ಕಾಗದದ ಬಟನ್. ಅಪ್ಪ ಅಮ್ಮಂದಿರು ಅದನ್ನು ಕಾಲಲ್ಲಿ ಒತ್ತಿದರೆ ಬೊಂಬೆಗೆ ಜೀವ ಬಂದು ಎರಡು ನಿಮಿಷ ಮಾತಾಡುತ್ತದೆ. ಚೀಟಿ ಎತ್ತಿದಾಗ ಅನ್ವಿಗೆ ಬಂದಿದ್ದು ಆಫ್ರಿಕಾಕ್ಕೆ ಹೋದ ಒಬ್ಬ ಸ್ಕಾಟ್ಲೆಂಡಿನವನು. (ಹೆಸರು ಹೇಳುವುದಿಲ್ಲ. ಅದನ್ನು ಈಗಾಗಲೇ ಸಾಕಷ್ಟು ಕಲ್ಲುಗಳ ಮೇಲೆ ಕೆತ್ತಿದ್ದಾರೆ.)

ಗಂಡನಿಗೆ ಫೋನ್ ಮಾಡಿದೆ. ಗುರು ಸೋಮವಾರ ಬೆಳಗ್ಗೆ ಐದು ಗಂಟೆ ಡ್ರೈವ್ ಮಾಡಿಕೊಂಡು ಮಿಷಿಗನ್ನಿನ ವಾರೆನ್‌ಗೆ ಹೋಗಿ, ಅಲ್ಲಿ ಒಂದು ಕಾರ್ ಕಂಪನಿಗೆ ಬ್ರೇಕಿನ ಸಾಫ್ಟ್‌ವೇರ್ ಬರೆದುಕೊಟ್ಟು ಗುರುವಾರ ವಾಪಸ್ ಬರುವ ಪ್ರಾಣಿ.

“ಹ್ಯಾಟ್ ತಾನೇ? ಆನ್‌ಲೈನಲ್ಲಿ ಆರ್ಡರ್ ಮಾಡು” ಎಂದ.

“ಶನಿವಾರ ಬರತ್ತಂತೆ.”

“ಹಾಗಾದ್ರೆ ರಟ್ಟಲ್ಲಿ ಮಾಡು. ನಿನಗೆ ಬರತ್ತಲ್ಲ.”

ಮುನ್ನೂರು ಮೈಲಿ ದೂರದಿಂದ ಸಲಹೆ ಕೊಡುವುದು ಎಷ್ಟು ಸುಲಭ, ಅಲ್ಲವೇ?

ಹ್ಯಾಟ್ ಮಾಡಿದೆ. ನೋಡಲು ಇಡ್ಲಿ ಪಾತ್ರೆಯ ಮುಚ್ಚಳದ ಹಾಗಿತ್ತು. ಅದನ್ನು ಹಾಕಿಕೊಂಡು ಅನ್ವಿ ಅಡುಗೆಮನೆಯಲ್ಲಿ ನಿಂತು ಬರೆದುಕೊಂಡಿದ್ದನ್ನು ಒಪ್ಪಿಸಿದಳು: “ನಾನು ಕತ್ತಲೆಯ ಖಂಡವನ್ನು ಧೈರ್ಯವಾಗಿ ದಾಟಿದೆ. ಜಗತ್ತಿನ ಬಹು ದೊಡ್ಡ ಜಲಪಾತವೊಂದನ್ನು ಕಂಡುಹಿಡಿದೆ. ಅದಕ್ಕೆ ನನ್ನ ರಾಣಿಯ ಹೆಸರಿಟ್ಟೆ. ಥ್ಯಾಂಕ್ಯೂ.”

ಸೌಟು ಕೆಳಗಿಟ್ಟೆ.

“ಅಲ್ಲ ಕಣೇ, ಅಲ್ಲಿ ಜನ ಇರಲಿಲ್ವಾ?”

“ಇದ್ರು.”

“ಅವರಿಗೆ ಆ ಫಾಲ್ಸ್ ಕಾಣಿಸ್ತಿರಲಿಲ್ವಾ?”

“ಅಮ್ಮಾ, ಇಟ್ಸ್ ಓನ್ಲಿ ಟೂ ಮಿನಿಟ್ಸ್.”

ಅಲ್ಲಿಯವರು ಆ ಜಲಪಾತವನ್ನು ‘ಗುಡುಗುವ ಹೊಗೆ’ ಎಂದು ಕರೆಯುತ್ತಿದ್ದರು. ಎಂಥ ಹೆಸರು! ಅದನ್ನು ಕಿತ್ತು ಹಾಕಿ, ಆ ಕಡೆ ಒಮ್ಮೆಯೂ ಬಾರದ ಹೆಂಗಸೊಬ್ಬಳ ಹೆಸರಿಟ್ಟರು. ನಾಳೆ ಓಹಾಯೋದವನೊಬ್ಬ ಜೋಗಕ್ಕೆ ಬಂದು “ಇದನ್ನು ನಾನು ಕಂಡುಹಿಡಿದೆ, ಇನ್ನು ಮೇಲೆ ಇದಕ್ಕೆ ನಮ್ಮತ್ತೆಯ ಹೆಸರು” ಎಂದರೆ ಸಾಗರದವರು ಸುಮ್ಮನಿರುತ್ತಾರಾ?

ನ್ಯಾಯವಾಗಿ ಹೇಳಬೇಕು. ಆ ಮನುಷ್ಯ ಕೆಟ್ಟವನಲ್ಲ. ಜ್ವರದಲ್ಲಿ ಬೇಯುತ್ತಾ ನಡೆದ, ಗುಲಾಮರ ವ್ಯಾಪಾರ ನಿಲ್ಲಬೇಕೆಂದು ಬರೆದ. ಆದರೆ ಅವನೂ ಅವನಂಥವರೂ ಗೀಚಿದ ನಕ್ಷೆಗಳು ಅವರ ಜೇಬಿನಲ್ಲೇ ಉಳಿಯಲಿಲ್ಲವಲ್ಲ? ಹಿಂದೆಯೇ ಬಂದವರು ಓದಲು ಬಾರದ ಭಾಷೆಯ ಕಾಗದಗಳ ಮೇಲೆ ಊರ ಮುಖಂಡರಿಂದ ಗುರುತು ಹಾಕಿಸಿಕೊಂಡರು. ರಬ್ಬರ್ ಬಂತು, ದಂತ ಬಂತು, ಚಾವಟಿ ಬಂತು. ಯೂರೋಪಿನಲ್ಲಿ ಕೂತು ಸ್ಕೇಲ್ ಇಟ್ಟು ಗೆರೆ ಎಳೆದರು. ಅಣ್ಣ ಒಂದು ದೇಶ, ತಮ್ಮ ಇನ್ನೊಂದು ದೇಶ. ಆ ಗೆರೆಗಳ ಜಗಳ ಇವತ್ತಿಗೂ ಮುಗಿದಿಲ್ಲ.

ಇಷ್ಟನ್ನೂ ಹತ್ತು ವರ್ಷದವಳ ತಲೆಗೆ ಸುರಿದೆ. ಅವಳು ಕಣ್ಣು ತಿರುಗಿಸಿದಳು. ಆದರೆ ಒಂದು ವಿಷಯಕ್ಕೆ ಅವಳ ಕಿವಿ ನಿಮಿರಿತು. ಲೈಬ್ರರಿಯ ಪುಸ್ತಕವೊಂದರಲ್ಲಿ ಓದಿದ್ದೆ: ನೈಲ್ ನದಿಯ ಮೂಲ ಹುಡುಕಿ ಹೊರಟ ಇಂಗ್ಲಿಷರಿಗೆ ದಾರಿ ತೋರಿಸಿದವರಲ್ಲಿ ಒಬ್ಬ ಆಫ್ರಿಕಾದವನಿದ್ದ. ಚಿಕ್ಕಂದಿನಲ್ಲೇ ಅವನನ್ನು ಹಿಡಿದು, ಒಂದಿಷ್ಟು ಬಟ್ಟೆಗೆ ಮಾರಿ, ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ತಂದಿದ್ದರು. ಎಷ್ಟೋ ವರ್ಷಗಳ ಮೇಲೆ ಬಿಡುಗಡೆಯಾಗಿ ವಾಪಸ್ ಹೋದ. ಅಲ್ಲಿ ಆ ಇಂಗ್ಲಿಷರೂ ಅವನೂ ಮಾತಾಡಿಕೊಳ್ಳುತ್ತಿದ್ದುದು ಯಾವ ಭಾಷೆಯಲ್ಲಿ ಗೊತ್ತೇ? ಹಿಂದೂಸ್ತಾನಿಯಲ್ಲಿ! ಆಫ್ರಿಕಾದ ನಟ್ಟನಡುವೆ!

“ವಾಟ್ ವಾಸ್ ಹಿಸ್ ನೇಮ್?” ಎಂದಳು ಅನ್ವಿ.

“ಯಜಮಾನರು ಇಟ್ಟ ಹೆಸರು ಪುಸ್ತಕದಲ್ಲಿದೆ. ಅವರಮ್ಮ ಇಟ್ಟ ಹೆಸರು ಯಾರಿಗೂ ಗೊತ್ತಿಲ್ಲ.”

ಅವಳು ಪೆನ್ಸಿಲ್ ತೆಗೆದುಕೊಂಡು ಹೋದಳು. ಶುಕ್ರವಾರ ಜಿಮ್ಮಿನಲ್ಲಿ ನಾನು ಬಟನ್ ಒತ್ತಿದಾಗ ಕೊನೆಯಲ್ಲಿ ಹೊಸ ಸಾಲುಗಳಿದ್ದವು: “ನಾನು ಒಬ್ಬನೇ ಹೋಗಲಿಲ್ಲ. ದಾರಿ ಗೊತ್ತಿದ್ದವರು ನನ್ನನ್ನು ಕರೆದುಕೊಂಡು ಹೋದರು. ಅವರಿಗೆ ಅದು ಡಿಸ್ಕವರಿ ಅಲ್ಲ. ಅವರಿಗೆ ಅದು ಮನೆ.”

ಟೀಚರ್ ಕಡೆ ವಿಜಯದ ನೋಟ ಬೀರಿದೆ. ವಸಾಹತುಶಾಹಿಗೆ ಶಾಮ್‌ಬರ್ಗ್‌ನಲ್ಲಿ ತಕ್ಕ ಉತ್ತರ ಕೊಟ್ಟ ತಾಯಿ ನಾನು!

ಈ ಹೆಮ್ಮೆ ಎಷ್ಟು ಹೊತ್ತು ಬಾಳಿತು? ಹೆಚ್ಚೆಂದರೆ ಒಂದು ನಿಮಿಷ.

“ಭಾಳ ಚಲೋ ಹೇಳಿದ್ಲು ರೀ ನಿಮ್ಮ ಮಗಳು.”

ಅಪ್ಪಟ ಧಾರವಾಡದ ಕಡೆಯ ಕನ್ನಡ. ತಿರುಗಿದೆ. ಕನ್ನಡದವರು ಯಾರೂ ಕಾಣಲಿಲ್ಲ. ಪಕ್ಕದಲ್ಲಿ ನೀಲಿ ನರ್ಸ್ ಯೂನಿಫಾರ್ಮಿನ ಕಪ್ಪು ಮಹಿಳೆಯೊಬ್ಬರು ನಿಂತಿದ್ದರು. ಗುಂಗುರು ಕೂದಲನ್ನು ಬಿಗಿಯಾಗಿ ಹೆಣೆದಿದ್ದರು. ಮುಖ ಪರಿಚಯವಿತ್ತು. ಅನ್ವಿಯ ಕ್ಲಾಸಿನ ಗ್ರೇಸ್‌ಳ ತಾಯಿ. ಎರಡು ವರ್ಷದಿಂದ ಮಕ್ಕಳನ್ನು ಕರೆದೊಯ್ಯುವ ಸಾಲಿನಲ್ಲಿ ದಿನಾ ನೋಡುತ್ತಿದ್ದೆ. ಹಾಯ್, ಬೈ, ಚಳಿ ಜಾಸ್ತಿ, ಅಷ್ಟೇ. ಇಲ್ಲಿಯ ಕಪ್ಪು ಅಮೆರಿಕನ್ನರೋ ಆಫ್ರಿಕಾದವರೋ ಇರಬೇಕು ಎಂದುಕೊಂಡಿದ್ದೆ.

ನನ್ನ ಬಾಯಿಂದ ಹೊರಬಿದ್ದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

“ಅಯ್ಯೋ! ನಿಮಗೆ ಕನ್ನಡ ಬರತ್ತಾ?!”

“ನಿಮಗ ಬರ್ತದಲ್ರಿ? ಹಂಗ ನನಗೂ ಬರ್ತದ” ಎಂದರು ಅವರು. “ನಾನು ಅನಿತಾ. ಅನಿತಾ ಸಿದ್ದಿ. ಹಳಿಯಾಳದ ಕಡೆಯಾಕಿ.”

ಅನಿತಾ ಎಸ್! ಕ್ಲಾಸಿನ ಪೋಷಕರ ಇ-ಮೇಲ್ ಪಟ್ಟಿಯಲ್ಲಿ ಆ ಹೆಸರನ್ನು ಮೊದಲ ವಾರವೇ ನೋಡಿದ್ದೆ. ಯಾರೋ ನಮ್ಮವರು, ಪರಿಚಯ ಮಾಡಿಕೊಳ್ಳಬೇಕು ಎಂದು ಎರಡು ವರ್ಷದಿಂದ ಪ್ರತಿ ಕಾರ್ಯಕ್ರಮದಲ್ಲೂ ಹುಡುಕಿದ್ದೇನೆ. ಗೋಧಿ ಬಣ್ಣದ, ನೇರ ಕೂದಲಿನ ಅನಿತಾಳನ್ನು. ಎಷ್ಟೋ ಸಲ ಇವರ ಪಕ್ಕದಲ್ಲೇ ನಿಂತು!

ಧ್ರುವ ಪ್ರದೇಶದ ಶೋಧಕನ ದಪ್ಪ ಜಾಕೆಟ್ಟಿನಲ್ಲಿ ಬೆವರುತ್ತಿದ್ದ ಗ್ರೇಸ್ ಹತ್ತಿರ ಓಡಿ ಬಂದಳು. ಅನ್ವಿಗೆ ಆಶ್ಚರ್ಯವೇ ಆಗಲಿಲ್ಲ. “ಗ್ರೇಸ್ ಅಜ್ಜಿ ಕರ್ನಾಟಕದಲ್ಲಿದ್ದಾರೆ ಅಂತ ಹೇಳಿದ್ನಲ್ಲಮ್ಮಾ. ಯು ಸೆಡ್ ಕೆನ್ಯಾ ಇರಬೇಕು ಅಂತ” ಎಂದಳು. ಹೌದು, ಹೇಳಿದ್ದಳು. ನಾನೇ ತಿದ್ದಿದ್ದೆ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಅಂಕಣ ಬರೆಯುವ ಅಗತ್ಯವೇ ಬರುತ್ತಿರಲಿಲ್ಲ. ನಿಲ್ಲಿಸಿದೆನೇ? ಫೋನ್ ತೆಗೆದೆ. ಸೆಲ್ಫಿ. ಮನೆ ಮುಟ್ಟುವಷ್ಟರಲ್ಲಿ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಿತ್ತು. ಜೊತೆಗೆ ನನ್ನದೇ ಅಮೃತವಾಣಿ: “ಇವತ್ತಿನ ನನ್ನ ಡಿಸ್ಕವರಿ! ಅಚ್ಚ ಕನ್ನಡ ಮಾತಾಡುವ ಅನಿತಾ!!”

ಡಿಸ್ಕವರಿ. ಎರಡು ದಿನ ಯಾವ ಪದದ ಮೇಲೆ ಮಗಳಿಗೆ ಪಾಠ ಮಾಡಿದ್ದೆನೋ, ಅದೇ ಪದ. ಬರೆಯುವಾಗ ಅದು ಹೊಳೆಯಲೂ ಇಲ್ಲ.

ಗುಂಪು ಉಕ್ಕಿ ಹರಿಯಿತು. ಹೃದಯಗಳು, ಕೈಮುಗಿಯುವ ಕೈಗಳು. “ಕನ್ನಡ ಎಲ್ಲಿ ಕಲಿತರಂತೆ?” “ಇವರನ್ನು ನೋಡಿ ನಮ್ಮ ಮಕ್ಕಳು ಕಲೀಬೇಕು.” ಬಳಗದ ಅಧ್ಯಕ್ಷರು ಪ್ರಸಾದ್ ಅಂಕಲ್. ಮೂವತ್ತು ವರ್ಷದಿಂದ ಇಲ್ಲಿರುವ, ಎಲ್ಲರ ಕಷ್ಟಕ್ಕೂ ಓಡಿಬರುವ ಹಿರಿಯರು. ಅವರದು ನೇರ ಫೋನೇ ಬಂತು. ಹಳಿಯಾಳದ ಸಿದ್ದಿ ಸಮುದಾಯದವರು ಎಂದು ಹೇಳಿದೆ.

“ರಾಜ್ಯೋತ್ಸವಕ್ಕೆ ಅವರನ್ನ ಕರ್ಕೊಂಡ್ ಬಾಮ್ಮ. ಸ್ಟೇಜ್ ಮೇಲೆ ಸನ್ಮಾನ ಮಾಡೋಣ. ಸಿದ್ದಿಯವರದ್ದು ಒಂದು ಟ್ರೈಬಲ್ ಡ್ಯಾನ್ಸ್ ಇದೆಯಲ್ಲ, ಅದನ್ನೂ ಮಾಡಿಸೋಣ. ಹಿಟ್ ಆಗತ್ತೆ!”

“ಅಂಕಲ್, ಅವರು ಡಯಾಲಿಸಿಸ್ ನರ್ಸು.”

“ಇರಲಿಬಿಡು, ರಕ್ತದಲ್ಲಿ ಬಂದಿರತ್ತೆ.”

ಏನು ಹೇಳುವುದು? ಅಂಕಲ್ ಮೈಸೂರಿನವರು. ಅವರ ರಕ್ತದಲ್ಲಿ ವೀಣೆ ಬಂದಿದೆಯೇ? ಭಜನೆಯಲ್ಲಿ ಚಪ್ಪಾಳೆಯೂ ತಾಳಕ್ಕೆ ಕೂರುವುದಿಲ್ಲ. ಆದರೂ ನಾನು “ಕೇಳ್ತೀನಿ ಅಂಕಲ್” ಎಂದೆ. ಹಾಗೆಂದ ನನ್ನ ಬುದ್ಧಿಗೆ ಏನೆನ್ನಲಿ?

ಮಂಗಳವಾರ ಅನಿತಾ ಅವರಿಂದ ಮೆಸೇಜ್ ಬಂತು. “ಸಂಜೆ ಮನೆಗೆ ಬರ್ರಿ. ಮಾತಾಡೋದದ.”

ಚಕ್ಕುಲಿ ಡಬ್ಬಿ ಹಿಡಿದು ಪಕ್ಕದೂರು ಹಾಫ್‌ಮನ್ ಎಸ್ಟೇಟ್ಸ್‌ನ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಚಹಾ ಕೊಟ್ಟರು. ಆಮೇಲೆ ಫೋನನ್ನು ನನ್ನ ಮುಂದಿಟ್ಟರು. ನನ್ನದೇ ಫೋಟೋ. ಅದರಲ್ಲಿ ನಾನಿರಲಿಲ್ಲ. ಯಾರೋ ನನ್ನನ್ನು ಕತ್ತರಿಸಿ ತೆಗೆದಿದ್ದರು. ಕೆಳಗೆ ಬರೆದಿತ್ತು: “ಕನ್ನಡ ಕಲಿತ ಆಫ್ರಿಕಾ ಮಹಿಳೆ! ನಿಜವಾದ ಕನ್ನಡಿಗರಾಗಿದ್ದರೆ ಶೇರ್ ಮಾಡಿ.”

“ಹಳಿಯಾಳದಿಂದ ನನ್ನ ತಮ್ಮ ಕಳಿಸ್ಯಾನ” ಎಂದರು ಅನಿತಾ. “ಊರಾಗ ಎಲ್ಲಾರ ಫೋನಿಗೂ ಬಂದದ ಅಂತ.”

ನಾನು “ಅಯ್ಯೋ, ನಾನು ಹಾಗೆ ಬರೆದಿರಲಿಲ್ಲ” ಎಂದೆ. ನಿಜ. ಬರೆದಿರಲಿಲ್ಲ. ಆ ಸ್ಕಾಟ್ಲೆಂಡಿನವನೂ ಯಾರಿಗೂ ಚಾವಟಿ ಬೀಸಿರಲಿಲ್ಲ. ಅವನು ಬರೀ ನಕ್ಷೆ ಬರೆದ. ನಾನು ಬರೀ ಫೋಟೋ ಹಾಕಿದೆ.

“ಅವ್ವ ಏನ್ ಕೇಳಿದ್ಲು ಗೊತ್ತೇನ್ರಿ? ‘ಅಲ್ಲಿ ಹ್ವಾದ ಮ್ಯಾಲೂ ನಿನಗ ಹಂಗ ಅಂತಾರೇನ’ ಅಂದ್ಲು.”

ನಾನು ಚಹಾ ಲೋಟ ಕೆಳಗಿಟ್ಟೆ.

“ಧಾರವಾಡದಾಗ ನರ್ಸಿಂಗ್ ಓದೂ ಮುಂದ ಬಸ್ ಕಂಡಕ್ಟರ್ ನನ್ನ ಜೋಡಿ ಇಂಗ್ಲಿಷಿನ್ಯಾಗ ಮಾತಾಡ್ತಿದ್ದ. ರೂಮ್ ಬಾಡಿಗಿಗೆ ಕೇಳಿದ್ರ ಪಾಸ್‌ಪೋರ್ಟ್ ತಾ ಅಂತಿದ್ರು. ನನ್ನೂರಿಂದ ಒಂದು ತಾಸಿನ ದಾರಿ ರೀ ಅದು! ಇಲ್ಲಿ ಬಂದ ಮ್ಯಾಲೆ ಕೆಲಸದಾಗ ನಾಲ್ಕು ಮಂದ್ಯಾಗ ಒಬ್ಬಾಕಿ ಆದೆ. ಹಗುರ ಅನಸ್ತಿತ್ತು. ಮತ್ತ ಕನ್ನಡ ಬರ್ತದೇನು ಅಂತ ಇಲ್ಲಿ ಬಾಯಿ ತೆರೆದು ಕೇಳಿದವರು ನೀವ ಮೊದಲಿಗರು.”

“ನನಗೆ ಗೊತ್ತಾಗಲಿಲ್ಲ ಅನಿತಾ.”

“ನಿಮಗ ಗೊತ್ತಾಗಲಿಲ್ಲ, ಖರೆ. ನನಗ ಮೊದಲ ದಿನಾನ ಗೊತ್ತಾಗಿತ್ತು. ಸಾಲಿ ಮುಂದ ನಿಂತು ಫೋನಿನ್ಯಾಗ ಗಂಡಗ ಬೈಲಿಕತ್ತಿದ್ರಿ. ‘ಪ್ರತಿ ಸೋಮವಾರ ಕಸದ ಡಬ್ಬಿ ನಾನೇ ಎಳೀಬೇಕಾ’ ಅಂತ.”

ಇಬ್ಬರೂ ನಕ್ಕೆವು. ಅವರು ನನಗಿಂತ ಬೇಗ ನಿಲ್ಲಿಸಿದರು.

“ಹಾಗಾದ್ರೆ ನೀವ್ಯಾಕೆ ಮಾತಾಡಿಸ್ಲಿಲ್ಲ?” ಎಂದೆ.

“ಹೆಂಗ ನೋಡ್ತೀರಿ ಅಂತ ಗೊತ್ತಿತ್ತಲ್ರಿ. ಆವತ್ತ ನಿಮ್ಮ ಮಗಳು ‘ಅವರಿಗೆ ಅದು ಮನೆ’ ಅಂದ್ಲಲ್ಲ, ಅದಕ್ಕ ತಡೀಲಾರದ ಮಾತಾಡಿದೆ.”

ಆಮೇಲೆ ಅವರು ಅಜ್ಜಿಯ ಮಾತು ಹೇಳಿದರು. ಆಫ್ರಿಕಾದ ದಕ್ಷಿಣ ತುದಿ ಸುತ್ತಿ ಪೋರ್ಚುಗೀಸರು ನಮ್ಮ ಪಡುವಣ ಕಡಲಿಗೆ ಬಂದದ್ದನ್ನು ನಾವು ಶಾಲೆಯಲ್ಲಿ ‘ಸಮುದ್ರ ಮಾರ್ಗದ ಶೋಧ’ ಎಂದು ಐದು ಅಂಕಕ್ಕೆ ಬರೆದಿದ್ದೇವಲ್ಲ? ಆ ಮಾರ್ಗದಲ್ಲಿ ಆಮೇಲೆ ಬಂದ ಹಡಗುಗಳಲ್ಲಿ ಮನುಷ್ಯರನ್ನೂ ತುಂಬಿ ತಂದು ಗೋವಾದಲ್ಲಿ ಮಾರಿದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಅನಿತಾ ಅವರ ಮನೆಯಲ್ಲಿ ಉಳಿದಿರುವ ಕಥೆ ಇಷ್ಟೇ: “ಗೋವಾದಿಂದ ಓಡಿ ಬಂದೋರು ನಾವು.” ಅದಕ್ಕೂ ಹಿಂದೆ ಯಾವ ದೇಶ, ಯಾವ ಊರು, ಏನು ಭಾಷೆ? ಅಜ್ಜಿಗೆ ಗೊತ್ತಿರಲಿಲ್ಲ. ಅಜ್ಜಿಯ ಅಜ್ಜಿಗೂ ಗೊತ್ತಿರಲಿಲ್ಲ.

“ಒಂದ ಸಾಲು ಸೈತ ಎಲ್ಲೂ ಬರದಿಲ್ಲ ನೋಡ್ರಿ” ಎಂದರು. “ಹಾಡಿನ್ಯಾಗ ಒಂದೆರಡು ಶಬ್ದ ಅವ. ಅರ್ಥ ಯಾರಿಗೂ ತಿಳಿಯಂಗಿಲ್ಲ.”

ಸನ್ಮಾನದ ವಿಷಯ ಎತ್ತಲು ನನಗೆ ಬಾಯಿ ಬರಲಿಲ್ಲ. ಅವರಿಗೆ ಅದೂ ಹೇಗೋ ತಲುಪಿತ್ತು. “ಕುಣಿಯೂದಿಲ್ಲ ರೀ. ಕುಣಿಯೂದು ನಮ್ಮೂರ ಹಬ್ಬಕ್ಕ, ನಮ್ಮ ಮಂದಿ ಜೋಡಿ. ಕಾರ್ಯಕ್ರಮಕ್ಕ ಬರ್ತೀನಿ. ಎಲ್ಲಾರ ಹಂಗ ಕುರ್ಚಿ ಮ್ಯಾಲ ಕೂಡ್ತೀನಿ. ಹೋಳಿಗಿ ಅದನೋ ಇಲ್ಲೋ?”

“ಇದೆ.”

“ಹಂಗಾರ ಬರ್ತೀನಿ.”

ಮನೆಗೆ ಬಂದು ಗುಂಪಿನಿಂದ ಫೋಟೋ ತೆಗೆಯಲು ಹೋದೆ. ಸಮಯ ಮೀರಿತ್ತು, ಎಲ್ಲರ ಫೋನಿನಿಂದ ಅಳಿಸಲು ಆಗಲಿಲ್ಲ. ಕ್ಷಮೆ ಕೇಳಿ ಉದ್ದಕ್ಕೆ ಬರೆದೆ: ಇವರು ಆಫ್ರಿಕಾದಿಂದ ಬಂದು ಕನ್ನಡ ಕಲಿತವರಲ್ಲ, ಹಳಿಯಾಳದವರು, ದಯವಿಟ್ಟು ಇದನ್ನು ಫಾರ್ವರ್ಡ್ ಮಾಡಿ. ಮೂರು ಜನ ಹೆಬ್ಬೆರಳು ಒತ್ತಿದರು. ಒಬ್ಬರು “ಗುಡ್ ಮಾರ್ನಿಂಗ್” ಗುಲಾಬಿ ಹಾಕಿದರು. ಸುಳ್ಳಿಗೆ ರೆಕ್ಕೆ, ತಿದ್ದುಪಡಿಗೆ ಕುಂಟು ಕಾಲು. ಪ್ರಸಾದ್ ಅಂಕಲ್‌ಗೆ ಫೋನ್ ಮಾಡಿ ಡ್ಯಾನ್ಸೂ ಇಲ್ಲ, ಸನ್ಮಾನವೂ ಇಲ್ಲ ಎಂದೆ.

“ಅಲ್ಲಮ್ಮ, ಅವರಿಗೆ ಗೌರವ ತಾನೇ ಅದು?” ಎಂದರು, ನಿಜವಾಗಿಯೂ ನೊಂದುಕೊಂಡು.

ಗುರು ಗುರುವಾರ ಬಂದವನು ಎಲ್ಲ ಕೇಳಿ, “ನೀನು ಬೇಕಂತ ಮಾಡಿದ್ದಲ್ಲವಲ್ಲ, ಬಿಡು” ಎಂದ. ಈ ಮಾತಿಗೆ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂತು. ಬೇಕೆಂದೇ ಮಾಡಿದವರು ಯಾರಿದ್ದಾರೆ ಹೇಳಿ? ಚರಿತ್ರೆಯ ಅರ್ಧ ಅನಾಹುತಗಳೆಲ್ಲ ಉತ್ಸಾಹದಲ್ಲೇ ಆದವು.

ಅನ್ವಿಗೂ ಹೇಳಿದೆ. ಮುಚ್ಚಿಡಲಿಲ್ಲ. ಅವಳು, “ಡಿಡ್ ಯು ಸೇ ಸಾರಿ ಟು ಹರ್ ಮಾಮ್?” ಎಂದಳು. ಹಳಿಯಾಳದ ಅಮ್ಮನಿಗೆ! ನನಗೆ ಹೊಳೆದೇ ಇರಲಿಲ್ಲ. ಆ ಭಾನುವಾರ ಅನಿತಾ ಅವರ ಫೋನಿನಲ್ಲಿ ವಿಡಿಯೋ ಕಾಲ್ ಮಾಡಿಸಿಕೊಂಡು ಕೇಳಿದೆ. ಆ ಹಿರಿಯ ಜೀವ ನನ್ನನ್ನು ಒಂದು ಗಳಿಗೆ ನೋಡಿ, “ಆತು ಬಿಡವಾ. ಚಳಿ ಭಾಳ ಅದ ಅಂತ ಅಲ್ಲಿ, ಟೊಪಗಿ ಹಾಕ್ಕೋರಿ” ಎಂದರು. ಅಷ್ಟೇ. ನಾಲ್ಕು ಬೈದಿದ್ದರೆ ಹಗುರವಾಗುತ್ತಿತ್ತು.

ನವೆಂಬರ್ ಬಂತು. ಹೈಸ್ಕೂಲೊಂದರ ಸಭಾಂಗಣದಲ್ಲಿ ರಾಜ್ಯೋತ್ಸವ. ಅನಿತಾ ಹಸಿರು ರೇಷ್ಮೆ ಸೀರೆಯಲ್ಲಿ ಬಂದರು, ಗ್ರೇಸ್ ಲಂಗದಲ್ಲಿ. ನನ್ನ ಪಕ್ಕ ಕೂತರು. ನಾಡಗೀತೆಗೆ ಎದ್ದು ನಿಂತಾಗ ನಾವೆಲ್ಲ ಎರಡನೇ ಚರಣದಲ್ಲಿ ಗೊಣಗಿಕೊಂಡೆವು. ಅವರು ಮಾತ್ರ ಕೊನೆಯವರೆಗೂ ಬಾಯಿಪಾಠ ಹಾಡಿದರು. ಮುಂದಿನ ಸಾಲಿನ ನಾಲ್ಕು ತಲೆಗಳು ತಿರುಗಿ ನೋಡಿದವು. ಒಬ್ಬರು ಫೋನ್ ಎತ್ತಿದರು. ನಾನು ಬೆರಳು ಅಲ್ಲಾಡಿಸಿದೆ. ಇಳಿಸಿದರು.

ಬಿಡುವಿನಲ್ಲಿ ಪ್ರಸಾದ್ ಅಂಕಲ್ ಜರಿ ಪೇಟದಲ್ಲಿ ನಗುತ್ತಾ ಬಂದರು.

“ಬಹಳ ಸಂತೋಷಮ್ಮ ನೀವು ಬಂದಿದ್ದು. ಒರಿಜಿನಲಿ ಎಲ್ಲಿಯವರು?”

“ಹಳಿಯಾಳ ರೀ.”

“ಅದು ಗೊತ್ತಾಯ್ತು. ಅಲ್ಲ, ಮೂಲ? ಅದಕ್ಕಿಂತ ಹಿಂದೆ?”

ನಾನು ಕಣ್ಣು ಮುಚ್ಚಿಕೊಂಡೆ. ಈ ಪ್ರಶ್ನೆ! ಈ ದೇಶದಲ್ಲಿ ಡೆಂಟಿಸ್ಟ್ ಕುರ್ಚಿಯಿಂದ ಪೆಟ್ರೋಲ್ ಬಂಕಿನವರೆಗೆ ನಮ್ಮನ್ನು ಕೇಳುತ್ತಾರಲ್ಲ, “ಚಿಕಾಗೋ ಸರಿ, ಆದರೆ ನಿಜವಾಗಿ ಎಲ್ಲಿಯವರು?” ಎಂದು? ಅದು ಎಂಥ ಅವಮಾನ ಎಂದು ಬಳಗದ ಸಂಚಿಕೆಯಲ್ಲಿ ಒಂದು ಪುಟ ಬರೆದವರು ಇದೇ ಅಂಕಲ್!

ಅನಿತಾ ಸಿಟ್ಟಾಗಲಿಲ್ಲ. “ನಿಮ್ದು ಯಾವೂರು ಅಂಕಲ್?” ಎಂದರು.

“ಮೈಸೂರು.”

“ಅಲ್ರಿ, ಮೂಲ. ಅದಕ್ಕಿಂತ ಹಿಂದ?”

ಅಂಕಲ್ ಸುಳ್ಳು ಹೇಳುವವರಲ್ಲ. ಪೇಟ ಸರಿಮಾಡಿಕೊಂಡರು. “ನಮ್ಮ ತಾತನ ತಾತ ಕುಂಭಕೋಣದ ಕಡೆಯಿಂದ ಬಂದ್ರಂತೆ. ಮಹಾರಾಜರ ಕಾಲದಲ್ಲಿ.”

“ಹಂಗಾರ ಕರ್ನಾಟಕಕ್ಕ ನಾವು ನಿಮಗಿಂತ ಸೀನಿಯರ್ ಆದ್ವಲ್ರಿ!”

ಅಂಕಲ್ ಮುಖ ಕೆಂಪಾಯಿತು. ಆಮೇಲೆ ಅವರು ತಲೆ ತಗ್ಗಿಸಿ, ನಿಧಾನವಾಗಿ, “ಕೇಳಬಾರದಿತ್ತಮ್ಮ” ಎಂದರು. ಮತ್ತೆ ತಲೆಯೆತ್ತಿ ಗ್ರೇಸ್ ಕಡೆಗೂ ಅನಿತಾ ಕಡೆಗೂ ನೋಡಿ, “ಊಟ ಆಯ್ತಾ?” ಎಂದರು.

“ಇಲ್ರಿ ಇನ್ನಾ.”

“ಬನ್ನಿ ಬನ್ನಿ, ಹೋಳಿಗೆ ಖಾಲಿ ಆಗ್ಬಿಡತ್ತೆ” ಎಂದು ಅಧ್ಯಕ್ಷರೇ ಮುಂದಾಗಿ ಸಾಲಿನಲ್ಲಿ ದಾರಿ ಮಾಡಿಸಿಕೊಂಡು ಹೊರಟರು.

ನನಗೆ ಅರ್ಥವಾಗದ್ದು ಒಂದೇ: “ಊಟ ಆಯ್ತಾ” ಎಂದು ಕೇಳುವುದಕ್ಕೆ ನಮಗೆ ಮೊದಲು ಮೂಲ ಯಾಕ್ರೀ ಬೇಕು?